ಗಣಿತ ಪಾಸು ಮಾಡಿಸಿದ ಬಾನಾಮತಿ

ಲಿಂಗಸುಗೂರಿನ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಭಾನುವಾರ ಒಂಬತ್ತಕ್ಕೆ ಟಿವಿ, ಹತ್ತಕ್ಕೆ ಪತ್ರ. ಎರಡನ್ನೂ ಒಂದರ ಬೆನ್ನಿಗೆ ಒಂದು ಇಟ್ಟವಳು ವಾರ್ಡನ್ ಆಗಿದ್ದ ನಾನೇ. ಆದ್ದರಿಂದ ನಡೆದದ್ದಕ್ಕೆ ಬೇರೆಯವರನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಬೈದಿದ್ದೇನೆ, ಈಗಲೂ ಬೈಯುತ್ತೇನೆ.

ಪತ್ರದ ನಿಯಮ ಹಳೆಯದು. ನಾನು ಶಿಕ್ಷಕಿಯ ತರಬೇತಿ ಪಡೆದ ಕಡೆ ಎಲ್ಲಕ್ಕೂ ಗಂಟೆ ಹೊಡೆಯುತ್ತಿತ್ತು. ಮನೆಗೆ ಪತ್ರ ಬರೆಯುವುದಕ್ಕೂ. ಮೇಲಿನವರು ಓದಿ ಸಹಿ ಮಾಡದೆ ಪತ್ರ ಅಂಚೆಗೆ ಬೀಳುತ್ತಿರಲಿಲ್ಲ. ಅದೇ ಪದ್ಧತಿಯನ್ನು ಇಲ್ಲಿಯೂ ತಂದೆ. ಬಲಮೂಲೆಯಲ್ಲಿ ಊರು, ತಾರೀಖು. ಕಡಿಮೆಯೆಂದರೆ ಹತ್ತು ಸಾಲು. ಕೊನೆಗೆ ‘ನಿಮ್ಮ ಮಗಳು’. ನಾನು ಓದಿ, ತಿದ್ದಿಸಿ, ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದೆ. ತಾರೀಖಿಲ್ಲದ ಪತ್ರ ವಾಪಸು.

ಟಿವಿಯ ನಿಯಮ ಹೊಸದು. ತೊಂಬತ್ತರ ದಶಕದಲ್ಲಿ ನಮ್ಮ ಓಣಿಗೆ ಕೇಬಲ್ ಬಂದ ಮೇಲೆ ಹುಡುಗಿಯರು ಒಂದು ಧಾರಾವಾಹಿಗೆ ಅಂಟಿಕೊಂಡರು. ಹೊರದೇಶದ್ದು, ಬಿಳಿ ಮಂದಿಯ ಬಾಯಲ್ಲಿ ಹಿಂದಿ. ಇಬ್ಬರು ಮುದಿ ಅಕ್ಕತಂಗಿಯರು, ಇಬ್ಬರೂ ಮಾಟಗಾತಿಯರು. ಹಿರಿಯವಳು ಸೌಟು ಊದಿದರೆ ಮುಸುರೆ ಪಾತ್ರೆಗಳು ತಾವೇ ತೊಳೆದುಕೊಳ್ಳುತ್ತವೆ. ಕಿರಿಯವಳ ಮಂತ್ರ ಪ್ರತಿ ಸಲ ತಪ್ಪಿ ಪಕ್ಕದ ಮನೆಯವನ ಮೀಸೆ ಹಸಿರಾಗುತ್ತದೆ. ಹಿಂದಿನಿಂದ ಯಾರೋ ಗುಂಪಾಗಿ ನಗುವ ಸದ್ದು ಬರುತ್ತದೆ; ಎಲ್ಲಿ ನಗಬೇಕೆಂದು ಅದೇ ಹೇಳಿಕೊಡುತ್ತದೆ. ನಮ್ಮ ನಲವತ್ತು ಹುಡುಗಿಯರೂ ಸರಿಯಾಗಿ ಅಲ್ಲಿಯೇ ನಗುತ್ತಿದ್ದರು.

ನಾನು ತಡೆಯಲಿಲ್ಲ. ಅದಕ್ಕೆ ಕಾರಣವಿತ್ತು. ಎಂಬತ್ತರ ದಶಕದಲ್ಲಿ ನಾನು ಮಸ್ಕಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಆರನೇ ಇಯತ್ತೆಯ ಹುಡುಗಿಯೊಬ್ಬಳು ನಾಯಿಯ ಹಾಗೆ ಬೊಗಳಲು ಶುರು ಮಾಡಿದಳು. ಮರುದಿನ ಮೂವರು ಬೊಗಳಿದರು. ಊರವರು ಬಾನಾಮತಿ ಎಂದರು. ಕಣ್ಣಿಗೆ ಕಾಣದ ಹಾಗೆ ಒಬ್ಬರು ಇನ್ನೊಬ್ಬರಿಗೆ ಮಾಡಿಸುವ ಮಾಟಕ್ಕೆ ನಮ್ಮ ಸೀಮೆಯಲ್ಲಿ ಅದೇ ಹೆಸರು. ಬಟ್ಟೆ ಹರಿದರೆ, ಮಾಳಿಗೆಯ ಮೇಲೆ ಕಲ್ಲು ಬಿದ್ದರೆ, ಎಮ್ಮೆ ಹಾಲು ಬತ್ತಿಸಿದರೆ, ಎಲ್ಲಕ್ಕೂ ಅದೇ. ಮೊದಲು ಹೆದರಿಕೆ, ಆಮೇಲೆ ಯಾರು ಮಾಡಿದರೆಂಬ ಹುಡುಕಾಟ. ಸಿಕ್ಕವಳು ಸಾಮಾನ್ಯವಾಗಿ ಒಬ್ಬಂಟಿ ಹೆಂಗಸು. ನಾನು ಮನೆ ಮನೆಗೆ ಹೋಗಿ ವಾದಿಸಿದೆ. ಚಹಾ ಕೊಟ್ಟರು, ‘ಹೌದ್ರಿ, ಹೌದ್ರಿ’ ಎಂದರು, ಮಕ್ಕಳನ್ನು ಮಾತ್ರ ಕಳಿಸಲಿಲ್ಲ. ತಿಂಗಳುಗಟ್ಟಲೆ ಖಾಲಿ ಶಾಲೆಯಲ್ಲಿ ಗಂಟೆ ಹೊಡೆಸಿದ್ದೇನೆ.

ಈಗ ಅಂಥದೇ ಹಳ್ಳಿಗಳ ಹುಡುಗಿಯರು ಮಾಟಗಾತಿಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಅಷ್ಟು ವರ್ಷ ಗಂಟಲು ಹರಿದುಕೊಂಡರೂ ಆಗದ ಕೆಲಸ ಈ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಮಾಡಿತಲ್ಲ ಎಂದು ಹಿಗ್ಗಿದೆ. ನಕ್ಕವರು ನಂಬುವುದಿಲ್ಲ ಎಂದುಕೊಂಡಿದ್ದೆ. ಶುದ್ಧ ದಡ್ಡತನ.

ನಮ್ಮ ಅಡುಗೆಯವಳು ಸಿಂಧನೂರು ಕಡೆಯವಳು, ಕಾಲುವೆ ಸೀಮೆಯ ಹಳ್ಳಿಯವಳು. ಹುಡುಗಿಯರು ದೊಡ್ಡವ್ವ ಎನ್ನುತ್ತಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ. ಮುಂದಿನ ಎರಡು ಹಲ್ಲು ಇರಲಿಲ್ಲ. ನಗುವಾಗ ಸೆರಗು ಅಡ್ಡ ಹಿಡಿಯುತ್ತಿದ್ದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಬಾವಿಯ ಮೆಟ್ಟಿಲ ಮೇಲೆ ಬಿದ್ದೆ ಎಂದು ಹುಡುಗಿಯರಿಗೆ ಹೇಳಿದ್ದಳು. ನನಗೆ ಮಾತ್ರ ನಿಜ ಗೊತ್ತಿತ್ತು. ಪಕ್ಕದ ಮನೆಯವರ ಎಮ್ಮೆ ಸತ್ತಾಗ ಆಕೆಯ ಕಡೆ ಬೆರಳು ತೋರಿಸಿದ್ದರು. ಹಲ್ಲಿಲ್ಲದ ಬಾಯಿಯ ಮಂತ್ರ ಫಲಿಸುವುದಿಲ್ಲ ಎಂಬ ನಂಬಿಕೆಯಲ್ಲಿ ಇಕ್ಕಳದಿಂದ ಎರಡು ಹಲ್ಲು ಕಿತ್ತಿದ್ದರು. ಆಕೆ ರಾತ್ರೋರಾತ್ರಿ ಊರು ಬಿಟ್ಟು ಬಂದಿದ್ದಳು.

ಅಡುಗೆ ಮನೆಯ ಕಿಟಕಿಯಲ್ಲಿ ನಿಂಬೆಹಣ್ಣು ಕಾಣಿಸಿಕೊಳ್ಳತೊಡಗಿದ್ದು ಡಿಸೆಂಬರಿನಲ್ಲಿ. ಮೊದಲ ದಿನ ಒಂದು, ಮರುದಿನ ನಾಲ್ಕು. ವಿಚಾರಿಸಿದಾಗ ತಿಳಿಯಿತು: ಹಿಂದಿನ ಭಾನುವಾರದ ಕಂತಿನಲ್ಲಿ ಹಿರಿಯ ಮಾಟಗಾತಿ ಸೌಟು ಊದಿ ಓದದ ಹುಡುಗನೊಬ್ಬನ ಉತ್ತರ ಪತ್ರಿಕೆ ತಾನೇ ತುಂಬಿಕೊಳ್ಳುವಂತೆ ಮಾಡಿದ್ದಳಂತೆ. ನಮ್ಮ ದೊಡ್ಡವ್ವನೂ ದಿನವೂ ಒಲೆ ಊದುತ್ತ ಏನೋ ಗೊಣಗುತ್ತಾಳೆ. ಕೈಯಲ್ಲಿ ಸೌಟು ಇದ್ದೇ ಇರುತ್ತದೆ. ಇಷ್ಟು ಪುರಾವೆ ಸಾಕಾಗಿತ್ತು. ಟಿವಿಯ ಮಾಟಗಾತಿಗೆ ನಿಂಬೆಹಣ್ಣು ಬೇಕಿಲ್ಲ. ಅದನ್ನು ನಮ್ಮ ಹುಡುಗಿಯರು ಊರಿನ ಕಡೆಯಿಂದ ಸೇರಿಸಿಕೊಂಡಿದ್ದರು.

“ದೊಡ್ಡವ್ವಾ, ಗಣಿತ ಒಂದು ಪಾಸು ಮಾಡಸಬೇ. ಬಾಕಿ ನಾ ಓದ್ಕೊಂತೀನಿ,” ಎಂದಳಂತೆ ಸಂತೆಕಲ್ಲೂರು ಕಡೆಯ ಒಬ್ಬ ಹತ್ತನೆಯ ತರಗತಿಯವಳು.

“ನನಗ ಎಣಿಸಾಕ ಬರೋದು ಇಪ್ಪತ್ತರ ತನಕ. ನಿನ್ನ ಗಣಿತ ನಾ ಏನ ಮಾಡಲೇ ಹುಡುಗಿ?”

“ಬರತೈತಿ, ನೀ ಹೇಳವಲ್ಲಿ.”

ಬರುವುದಿಲ್ಲ ಎಂದಷ್ಟೂ ಬಚ್ಚಿಡುತ್ತಿದ್ದಾಳೆ ಎಂದು ಗಟ್ಟಿಯಾಯಿತು. ದೊಡ್ಡವ್ವ ನಿಂಬೆಹಣ್ಣುಗಳನ್ನೆಲ್ಲ ಕೊಯ್ದು ಉಪ್ಪಿನಕಾಯಿ ಹಾಕಿ ಅವರಿಗೇ ಬಡಿಸಿದಳು. ಅವರು ಅದನ್ನು ಕಣ್ಣು ಮುಚ್ಚಿ, ಪ್ರಸಾದದ ಹಾಗೆ ತಿಂದರು. ನಾನು ಅಸೆಂಬ್ಲಿಯಲ್ಲಿ ಇಪ್ಪತ್ತು ನಿಮಿಷ ಬೈದೆ. ಒಬ್ಬಳೂ ಹೆದರಲಿಲ್ಲ, ನನಗೂ ಇಲ್ಲ, ಮಾಟಕ್ಕೂ ಇಲ್ಲ. ಹೆದರಿಕೆ ಹೋಗಿತ್ತು, ನಂಬಿಕೆ ಇದ್ದಲ್ಲಿಯೇ ಇತ್ತು.

ಜನವರಿಯ ಒಂದು ಭಾನುವಾರ ಆ ಸಂತೆಕಲ್ಲೂರು ಕಡೆಯವಳು ಮನೆಗೆ ಬರೆದ ಪತ್ರದಲ್ಲಿ ಹೀಗಿತ್ತು: ‘ನಮ್ಮ ಅಡುಗಿ ದೊಡ್ಡವ್ವಗ ಬಾನಾಮತಿ ಬರತೈತಿ. ನಾ ಗಣಿತದಾಗ ಪಾಸ ಆಗತೀನಿ. ನೀವು ಚಿಂತಿ ಮಾಡಬ್ಯಾಡ್ರಿ.’ ನಾನು ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಲವತ್ತು ಪತ್ರಗಳ ನಡುವೆ ಅದೊಂದು ಟಿವಿ ಹುಚ್ಚು ಅನ್ನಿಸಿತು. ತಾರೀಖು ಹಾಕಿಲ್ಲವೆಂದು ಅವಳಿಗೆ ಬೈದು, ಹಾಕಿಸಿ, ಕೆಂಪು ಶಾಯಿಯಲ್ಲಿ ಸಹಿ ಮಾಡಿ ಅಂಚೆಗೆ ಹಾಕಿಸಿದೆ.

ಎಂಟನೆಯ ದಿನಕ್ಕೆ ಅವಳ ಅಪ್ಪ ಬಂದ. ಜೊತೆಗೆ ಊರಿನ ಇಬ್ಬರು. ಅಂಗಿಯ ಜೇಬಿನಿಂದ ಪತ್ರ ತೆಗೆದು ನನ್ನ ಮೇಜಿನ ಮೇಲೆ ಇಟ್ಟ.

“ಮೇಡಂರೀ, ಬಾನಾಮತಿ ಮಾಡಾಕಿ ಕೈಯಾಗ ನಮ್ಮ ಮಕ್ಕಳಿಗೆ ಉಣ್ಣಾಕ ಹಾಕಸಾಕತ್ತೀರೇನು?”

“ಹುಡುಗಿ ಟಿವಿ ನೋಡಿ ಬರೆದಾಳ್ರಿ. ಅದೆಲ್ಲ ಸುಳ್ಳು.”

“ಸುಳ್ಳಿದ್ರ ನೀವು ಸಹಿ ಯಾಕ ಹಾಕಿದ್ರಿ?”

ಆ ಕೆಂಪು ಸಹಿಯನ್ನು ಅಂಗೈಯಿಂದ ಮುಚ್ಚಿದೆ. ಸಾಲದ್ದಕ್ಕೆ ಮಗಳು ಓಡಿ ಬಂದು ಸಾಕ್ಷಿ ಹೇಳಿದಳು.

“ಅಪ್ಪಾ, ದೊಡ್ಡವ್ವಂದು ಒಳ್ಳೇ ಬಾನಾಮತಿ! ಟಿವ್ಯಾಗ ತೋರಸ್ತಾರಲ್ಲ, ಅಂಥಾದ್ದು.”

“ಒಳ್ಳೇ ಬಾನಾಮತಿ ಅಂತನೂ ಇರತೈತೇನಲೇ? ನಾಗರಹಾವಿನಾಗ ಒಳ್ಳೇದು, ಕೆಟ್ಟದ್ದು ಅಂತ ಐತೇನು?” ಎಂದ ಅಪ್ಪ. ನನ್ನ ಕಡೆ ತಿರುಗಿ, “ಆಕಿನ ತೆಗೀರಿ. ಇಲ್ಲಾಂದ್ರ ಮಗಳನ್ನ ಒಯ್ತೀನಿ. ಊರಾಗ ನಾಕು ಮಂದಿಗೆ ಗೊತ್ತಾದ್ರ ಅವರು ಬಂದು ಏನ ಮಾಡ್ತಾರೋ ನನಗ ಗೊತ್ತಿಲ್ಲ,” ಎಂದ.

ಅಡುಗೆ ಮನೆಗೆ ಹೋದರೆ ದೊಡ್ಡವ್ವ ಆಗಲೇ ಎರಡು ಸೀರೆ, ಒಂದು ಚಂಬು ಗಂಟು ಕಟ್ಟಿ ಕೂತಿದ್ದಳು.

“ಅಕ್ಕಾರ, ಉಳಿದ ಹಲ್ಲರ ಉಳೀಲಿ. ನಾ ಹೋಗ್ತೀನಿ.”

“ಎಲ್ಲಿಗೆ?”

ಆಕೆ ಗಂಟಿನ ಕುಣಿಕೆಯನ್ನು ಇನ್ನೊಮ್ಮೆ ಬಿಗಿದಳು. ಗಂಟು ಬಿಚ್ಚಿಸಿದೆ. ಹೊರಗೆ ಬಂದು ಆ ಮನುಷ್ಯನೊಡನೆ ಒಂದು ತಾಸು ಮಾತಾಡಿದೆ. ಕೊನೆಗೆ ಆದ ಒಪ್ಪಂದ ಇದು: ಪರೀಕ್ಷೆ ಮುಗಿಯುವ ತನಕ ಮಗಳು ಇಲ್ಲಿಯೇ ಇರುತ್ತಾಳೆ, ಅಡುಗೆಯವಳೂ ಇರುತ್ತಾಳೆ, ಅವನೂ ಜೊತೆಗೆ ಬಂದ ಇಬ್ಬರೂ ಊರಲ್ಲಿ ಬಾಯಿ ಬಿಡುವುದಿಲ್ಲ, ಮಗಳಿಗೆ ಮಾತ್ರ ನಾನೇ ಸ್ವತಃ ಅಡುಗೆ ಮಾಡಿ ಹಾಕಬೇಕು.

ಎರಡು ತಿಂಗಳು ನನ್ನ ಸೀಮೆಎಣ್ಣೆ ಸ್ಟೌವಿನ ಮೇಲೆ ಒಬ್ಬಳಿಗಾಗಿ ಅನ್ನ ಬೇಯಿಸಿದೆ. ಅವಳು ಅರ್ಧ ತಟ್ಟೆ ಬಿಟ್ಟು, ಹಿಂದಿನ ಬಾಗಿಲಿನಿಂದ ಹೋಗಿ ದೊಡ್ಡವ್ವನ ರೊಟ್ಟಿ ತಿಂದು ಬರುತ್ತಿದ್ದಳು. ನೋಡಿಯೂ ನೋಡದ ಹಾಗೆ ಇದ್ದೆ. ಸಂಜೆ ಐದರಿಂದ ಆರೂವರೆ ಎದುರಿಗೆ ಕೂರಿಸಿ ಗಣಿತ ಹೇಳಿಕೊಟ್ಟೆ. ಭಿನ್ನರಾಶಿಯಿಂದ ಶುರು ಮಾಡಬೇಕಾಯಿತು. ಒಂದೊಂದು ಲೆಕ್ಕವನ್ನು ಆರಾರು ಸಲ ಮಾಡಿಸಿದೆ. ಸ್ಲೇಟು ಸವೆಯಿತು, ನನ್ನ ತಾಳ್ಮೆ ಅದಕ್ಕಿಂತ ಮೊದಲೇ ಸವೆದಿತ್ತು. ಭಾನುವಾರದ ಟಿವಿ ಬಂದ್. ಹುಡುಗಿಯರು ಎದುರಿನ ಮನೆಯ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಅವಳು ಪಾಸಾದಳು. ಗಣಿತದಲ್ಲಿ ಮೂವತ್ತೆಂಟು.

ಜೂನಿನಲ್ಲಿ ಹಾಸ್ಟೆಲು ತೆರೆದ ವಾರದಲ್ಲಿಯೇ ಅಪ್ಪ ಮಗಳನ್ನು ಕರೆದುಕೊಂಡು ಮತ್ತೆ ಬಂದ. ಈ ಸಲ ಕೈಯಲ್ಲಿ ಒಂದು ಇಳಕಲ್ ಸೀರೆ, ಬಾಳೆಹಣ್ಣು, ಸಕ್ಕರೆ ಪೊಟ್ಟಣ. ಪಾಠ ಹೇಳಿದ್ದಕ್ಕೆ ಎಂದು ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅವನು ನನಗೊಂದು ನಮಸ್ಕಾರ ಹಾಕಿ ಸೀದಾ ಅಡುಗೆ ಮನೆಗೆ ಹೋದ. ಹೊಸಿಲ ಹೊರಗೆ ಕೂತು ಸೀರೆಯನ್ನು ದೊಡ್ಡವ್ವನ ಕಡೆ ಸರಿಸಿದ.

“ತಪ್ಪಾತಬೇ ಯವ್ವಾ. ನೀ ಒಳ್ಳೇದಕ್ಕ ಮಾಡಾಕಿ ಅಂತ ನನಗ ತಿಳೀಲಿಲ್ಲ. ಮಗಳು ಹೇಳಿದ್ದು ಖರೇ ಆತು. ಇದು ತಗೋ. ಹಂಗ ದೊಡ್ಡ ಮಗನಿಗೆ ಹಟ್ಟಿ ಚಿನ್ನದ ಗಣ್ಯಾಗ ಒಂದು ನೌಕರಿ ಆಗೂ ಹಂಗ ನೋಡು.”

ಅವನ ಹಿಂದೆ ನಿಂತಿದ್ದ ನನಗೆ ಮೈ ಉರಿಯಿತು. ಹೊಸಬರು ಹಳಬರು ಎನ್ನದೆ ಹತ್ತೆಂಟು ಹುಡುಗಿಯರು ಆಗಲೇ ಅಲ್ಲಿ ನೆರೆದಿದ್ದರು. ಒಳ್ಳೆಯ ಸೀರೆ. ದೊಡ್ಡವ್ವನ ಎರಡು ಸೀರೆಗಳಲ್ಲಿ ಒಂದಕ್ಕೆ ತೇಪೆ ಇತ್ತು. ಆಕೆ ಸೀರೆಯನ್ನು ಮುಟ್ಟಲಿಲ್ಲ. ರೊಟ್ಟಿಯ ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು:

“ಅಣ್ಣಾ, ಎತ್ತಿಕೋ ಅದನ್ನ. ಇವತ್ತು ಪಾಸು ಮಾಡಿಸಿದಾಕಿ ಅಂತ ಸೀರಿ ತಗೊಂಡ್ರ, ನಾಳೆ ನಿಮ್ಮೂರಾಗ ಎಮ್ಮಿ ಸತ್ರ ಅದನ್ನೂ ನಾನ ಮಾಡಿಸಿದಂಗ ಆಗತೈತಿ. ನನಗ ಏನೂ ಬರಂಗಿಲ್ಲ. ರೊಟ್ಟಿ ಬಡಿಯಾಕ ಬರತೈತಿ, ಅಷ್ಟ.” ಆಮೇಲೆ ಸೆರಗು ಸರಿಸಿ ಬಾಯಿ ತೆರೆದು ತೋರಿಸಿದಳು. “ಬಾವಿ ಮೆಟ್ಟಲ ಮ್ಯಾಲ ಬಿದ್ದಿಲ್ಲ ನಾ. ಬರತೈತಿ ಅಂದವರು ಕಿತ್ತಾರ.”

ಪಾಸಾದವಳು ಅಳತೊಡಗಿದಳು. ಅಪ್ಪ ಆ ಬಾಯನ್ನೇ ನೋಡಿದ. ನಂತರ ತನ್ನ ಗೊಂದಲವನ್ನು ಬಿಡಿಸಿಕೊಳ್ಳಲು ಮಗಳನ್ನು ಕೇಳಿದ.

“ಹಂಗಾರ ಪಾಸು ಯಾರು ಮಾಡಿಸಿದ್ರಲೇ?”

“ಮೇಡಂ ಅಪ್ಪಾ. ದಿನಾ ಸಂಜಿಕ ಕೂಡಿಸಿ…”

ಅವನು ನನ್ನ ಕಡೆ ತಿರುಗಿದ. ಕಣ್ಣಿನಲ್ಲಿ ಹೊಸ ಮರ್ಯಾದೆ, ಅದರ ಹಿಂದೆಯೇ ಹೊಸ ಹೆದರಿಕೆ. “ಅಂದ್ರ… ಮೇಡಂರಿಗೆ ಬರತೈತೇನ್ರಿ?”

ನನ್ನ ನಾಲಗೆಯ ತುದಿಗೆ ಪೂರ್ತಿ ಭಾಷಣ ಬಂದಿತ್ತು: ಭಿನ್ನರಾಶಿ, ಆರಾರು ಸಲ, ಸ್ಲೇಟು, ಸೀಮೆಎಣ್ಣೆ. ಆ ಭಾಷಣವನ್ನು ನಾನು ಮಸ್ಕಿ ಕಡೆಯ ಹಳ್ಳಿಯ ಮನೆ ಮನೆಯಲ್ಲೂ ಮಾಡಿದ್ದೆ. ಚಹಾ ಕೊಟ್ಟು ಕಳಿಸಿದ್ದರು. ಇವನು ಇಲ್ಲಿಂದ ಏನನ್ನಾದರೂ ನಂಬಿಕೊಂಡೇ ಬಸ್ ಹತ್ತುವವನು. ಬಾನಾಮತಿ ಯಾರದೆಂಬುದೊಂದೇ ತೀರ್ಮಾನವಾಗಬೇಕಿತ್ತು. ನನ್ನ ಹಲ್ಲಿಗೆ ಇಕ್ಕಳ ಹಾಕುವ ಧೈರ್ಯ ಯಾವ ಊರಿಗೂ ಇರಲಿಲ್ಲ. ನನ್ನ ಹಿಂದೆ ಸರಕಾರವಿತ್ತು, ಕುರ್ಚಿ ಇತ್ತು, ಕೆಂಪು ಶಾಯಿ ಇತ್ತು.

“ಹೌದ್ರಿ,” ಎಂದೆ. “ನನಗ ಬರತೈತಿ. ಆಕಿಗೆ ಬರಂಗಿಲ್ಲ. ಆಕಿ ತಂಟೆಗೆ ಯಾರರ ಬಂದ್ರ ನನಗ ತಿಳೀತೈತಿ ಅಂತ ನಿಮ್ಮೂರಾಗ ಹೇಳ್ರಿ.”

ಅವನು ಸೀರೆ ಎತ್ತಿಕೊಂಡು, ಎರಡು ಹೆಜ್ಜೆ ಹಿಂದಕ್ಕೆ ನಡೆದು, ಆಮೇಲೆ ಬೆನ್ನು ತಿರುಗಿಸಿ ಹೋದ. ದೊಡ್ಡವ್ವ ಸೆರಗು ಅಡ್ಡ ಹಿಡಿಯುವುದನ್ನು ಮರೆತು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಜೀವಮಾನವಿಡೀ ಇಲ್ಲ ಎಂದು ಹೇಳಿಕೊಂಡು ಬಂದದ್ದನ್ನು ಒಂದು ಉಸಿರಿಗೆ ಹೌದು ಎಂದುಬಿಟ್ಟಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆಕೆ ಮಾತ್ರ ನಾನು ನಿವೃತ್ತಳಾಗುವ ತನಕ ಅದೇ ಒಲೆಯ ಮುಂದೆ ಇದ್ದಳು, ಯಾರೂ ಬರಲಿಲ್ಲ.

ಆ ಭಾನುವಾರ ಹತ್ತಕ್ಕೆ ಗಂಟೆ ಹೊಡೆಸಿದೆ. ಪತ್ರಗಳು ಬಂದವು. ಒಂಬತ್ತನೆಯ ತರಗತಿಯ ಹೊಸ ಹುಡುಗಿಯೊಬ್ಬಳು ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ‘ಇಲ್ಲಿ ಬಾನಾಮತಿ ಬರೋದು ಅಡುಗಿ ದೊಡ್ಡವ್ವಗ ಅಲ್ಲ, ನಮ್ಮ ಮೇಡಂಗೆ. ಖರೇ ಐತಿ.’ ಎರಡು ಸಲ ಓದಿದೆ. ಅವಳು ಎದುರಿಗೆ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ತಾರೀಖು ಹಾಕಿರಲಿಲ್ಲ. ಹಾಕಿಸಿ, ಸಹಿ ಮಾಡಿದೆ.