ಇನ್ನೂರು ಜನರ ಉಪ್ಪು

ಅಪ್ಪನನ್ನು ಹೊಗಳಲು ಬಂದವರನ್ನೆಲ್ಲ ಕತ್ತು ಹಿಡಿದು ಹೊರಗೆ ದಬ್ಬಬೇಕು ಎಂದು ನನಗೆ ಅನ್ನಿಸಿತ್ತು. ಕಾರ್ಖಾನೆಯ ಮ್ಯಾನೇಜರ್ ಬಂದ, ಕುರ್ಚಿಯ ತುದಿಯಲ್ಲಿ ಕುಳಿತ, "ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕಮ್ಮ" ಎಂದು ಅಮ್ಮನಿಗೆ ಹೇಳಿ ವಾಚು ನೋಡಿಕೊಂಡ. ಎದುರುಮನೆಯವಳು ಮೂಗು ಒರೆಸಿಕೊಳ್ಳುತ್ತಾ, "ಹೆಂಡ್ತೀನ ಒಂದು ದಿನಾನೂ ಒಲೆ ಮುಂದೆ ನಿಲ್ಲಿಸಲಿಲ್ಲ. ನಮ್ಮನೇಲೂ ಒಬ್ಬರಿದ್ದಾರೆ, ಪಕ್ಕದಲ್ಲೇ ಇರೋ ನೀರನ್ನೂ ನಾನೇ ಎತ್ತಿ ಕೊಡಬೇಕು" ಎಂದಳು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಇಲ್ಲಿ ಹಾಲೂ ನಿಜವೇ ಆಗಿತ್ತು, ಅದೇ ನನ್ನ ಸಂಕಟ. ಅಮ್ಮ ಎಲ್ಲರಿಗೂ ತಲೆಯಾಡಿಸಿದಳು. ಬಂದವರಿಗೆ ಒಂದು ಲೋಟ ಟೀ ಮಾಡಿಕೊಡಲು ಅವಳಿಗೆ ಬರುತ್ತಿರಲಿಲ್ಲ. ಮೊಮ್ಮಕ್ಕಳನ್ನು ಕಂಡ ಹೆಂಗಸಿಗೆ ಗ್ಯಾಸ್ ಒಲೆ ಹಚ್ಚಲು ಗೊತ್ತಿರಲಿಲ್ಲ.

ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಒಂದು ಹೊತ್ತಿಗೆ ಇನ್ನೂರು ತಟ್ಟೆ. ಅಲ್ಲಿಯವರು ಅವನನ್ನು ಸೌಟಣ್ಣ ಎಂದು ಕರೆಯುತ್ತಿದ್ದರು. ಅವನ ಸೌಟು ಇನ್ನೊಬ್ಬರ ಕೈಗೆ ಹೋದದ್ದನ್ನು ಕಂಡವರಿಲ್ಲ. ಅಷ್ಟು ಸಾಲದೆಂದು ಮನೆಗೆ ಬಂದು, ಅಂಗಿ ಬದಲಿಸಿ, ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದ. ನನ್ನ ಶಾಲೆಯ ಊಟದ ಡಬ್ಬಿ ಕಟ್ಟಿದವನು ಅವನೇ. ನನಗೆ ಹೆರಿಗೆಯಾದಾಗ ರಜೆ ಹಾಕಿ, ಬಸ್ಸಿನಲ್ಲಿ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ದಿನಾ ಊಟ ತಂದವನೂ ಅವನೇ. ಇದರಲ್ಲಿ ಒಂದನ್ನೂ ನಾನು ಮರೆತಿಲ್ಲ. ಅಪ್ಪನೆಂದರೆ ನನಗೆ ಪ್ರಾಣ. ಅವನ ಮೇಲೆ ನನಗೆ ಸಿಟ್ಟೂ ಇತ್ತು, ಇನ್ನೂ ಇದೆ. ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು ಎನ್ನುವವರು ಬೇರೆ ಕಡೆ ಹೋಗಿ ಕೂರಲಿ.

ಅಡುಗೆಮನೆಯ ಹೊಸ್ತಿಲು ದಾಟಲು ಅವನು ಅಮ್ಮನನ್ನು ಬಿಡಲಿಲ್ಲ. ಗದರಿಸಿ ಅಲ್ಲ, ನಗುನಗುತ್ತಾ. "ನೀನು ಕೂತ್ಕೊ, ನಾನು ಮಾಡ್ತೀನಿ." ಹೊಸ್ತಿಲಿನ ಈಚೆಗೆ ಅವಳಿಗೊಂದು ಸ್ಟೂಲು. ಅವಳು ಅಲ್ಲಿ ಕೂರುತ್ತಿದ್ದಳು, ಅವನು ಈರುಳ್ಳಿ ಹೆಚ್ಚುತ್ತಾ ಕ್ಯಾಂಟೀನಿನ ಕಥೆ ಹೇಳುತ್ತಿದ್ದ. ಇವತ್ತು ಬೇಳೆ ಎಷ್ಟು ಹಾಕಿದೆ, ಉಪ್ಪು ಎಷ್ಟು ಹಿಡಿ ಹಿಡಿಯಿತು, ಅನ್ನದ ಹಂಡೆಯನ್ನು ಯಾವಾಗ ಇಳಿಸಿದೆ, ಎಲ್ಲ. ರುಚಿ ನೋಡಲು ಮಾತ್ರ ಒಂದು ತೊಟ್ಟೂ ಕೊಟ್ಟವನಲ್ಲ. ಒಲೆ ಮೇಲಿರುವ ಅಡುಗೆಗೆ ಒಂದೇ ನಾಲಿಗೆ ಇರಬೇಕು ಎನ್ನುವುದು ಅವನ ಶಾಸ್ತ್ರ. ನೋಡಿದವರಿಗೆ ಅದು ಪ್ರೀತಿ. ನನಗೂ ಬಹಳ ಕಾಲ ಹಾಗೇ ಕಂಡಿತ್ತು.

ಅವನು ಕ್ಯಾಂಟೀನಿನಲ್ಲೇ ಕುಸಿದು ಬಿದ್ದು ಪ್ರಾಣ ಬಿಟ್ಟ. ಅವನ ಅಕ್ಕ, ನನ್ನ ಅತ್ತೆ, ಸುದ್ದಿ ತಿಳಿದ ಕೂಡಲೇ ಬಂದು ಠಿಕಾಣಿ ಹೂಡಿದಳು. ಕೊನೆಯ ದಿನ ಬೆಳಿಗ್ಗೆ ಅವನು ಮಾಡಿಟ್ಟು ಹೋಗಿದ್ದ ಬೇಳೆ ಫ್ರಿಜ್ಜಿನಲ್ಲಿತ್ತು. ಅಮ್ಮ ಅದನ್ನು ಮುಟ್ಟಿರಲಿಲ್ಲ. ಅತ್ತೆ ಅದನ್ನು ಬಿಸಿ ಮಾಡಿಕೊಂಡು, "ನನ್ನ ತಮ್ಮನ ಕೈರುಚಿ" ಎಂದು ಅಳುತ್ತಾ ತಳ ಬಳಿದು ತಿಂದಳು. ಆಮೇಲೆ ಕೈ ತೊಳೆದು ಬಂದು ತೀರ್ಪು ಕೊಟ್ಟಳು.

"ಒಲೆ ಹಚ್ಚೋಕೆ ಬಾರದವಳು ಒಬ್ಬಳೇ ಹೇಗಿರ್ತಾಳೆ? ಭಾನುವಾರ ನನ್ನ ಜೊತೆ ಹೊರಡಲಿ. ನನ್ನ ಸೊಸೆ ಕೆಲಸಕ್ಕೆ ಹೋಗ್ತಾಳೆ. ಮಕ್ಕಳನ್ನ ನೋಡ್ಕೊಂಡು, ಬಟ್ಟೆ ಮಡಚ್ಕೊಂಡು, ಒಂದು ಮೂಲೇಲಿ ಇರ್ತಾಳೆ."

"ಸಂಬಳ ಎಷ್ಟು ಕೊಡ್ತೀರಿ ಅತ್ತೆ?" ಎಂದೆ.

"ನಾಲಿಗೆ ಉದ್ದ ಆಯ್ತು ನಿಂದು. ಅಷ್ಟು ಕರುಳು ಚುರ್ ಅಂದ್ರೆ ನೀನೇ ಕರ್ಕೊಂಡು ಹೋಗು."

ನನ್ನದು ಎರಡು ಕೋಣೆಯ ಮನೆ, ಅದರಲ್ಲಿ ಒಂದು ಮಾವನದು. ಆದರೂ ಬಾ ಎಂದು ಅಮ್ಮನನ್ನು ಕರೆದೆ. ಅಮ್ಮ ನಮ್ಮಿಬ್ಬರನ್ನೂ ಒಂದೇ ಥರ ನೋಡಿದಳು.

"ನಾನು ಎಲ್ಲಿಗೂ ಬರಲ್ಲ. ಇದು ನನ್ನ ಮನೆ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!" ಅತ್ತೆ ಕೈ ತಿರುವಿದಳು. "ಏನು ತಿಂತೀಯ? ಗೋಡೆ ನೆಕ್ಕೊಂಡು ಇರ್ತೀಯಾ?"

"ಬೇಯಿಸ್ಕೊಂಡು ತಿಂತೀನಿ."

"ಹಾಗಾದ್ರೆ ನಾಳೆ ಮಧ್ಯಾಹ್ನ ನೀನೇ ಬಡಿಸು, ನೋಡೋಣ. ಆಗಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಬ್ಯಾಗು ಕಟ್ಟು."

ಮರುದಿನ ಅಮ್ಮ ಒಳಗೆ ಹೋದಳು. ಒಲೆ ಹಚ್ಚುವುದನ್ನು ನಾನು ತೋರಿಸಿದೆ. ಬೆಂಕಿ ಭಗ್ಗೆಂದಾಗ ಹಿಂದಕ್ಕೆ ಹಾರಿದಳು, ಮತ್ತೆ ಹಚ್ಚಿದಳು. ಬೇಳೆ ತೊಳೆದಳು, ಬೇಯಿಸಿದಳು. ಆಮೇಲೆ ಎಳ್ಳಷ್ಟೂ ಅನುಮಾನವಿಲ್ಲದೆ ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಸುರಿದಳು. ನಾನು ಬಾಯಿ ಬಿಡುವುದರೊಳಗೆ ಇನ್ನೊಂದು ಹಿಡಿ.

"ಅಮ್ಮಾ, ಏನು ಮಾಡ್ತಿದ್ದೀಯಾ!"

"ನಿಮ್ಮಪ್ಪ ಬೇಳೆಗೆ ಹತ್ತು ಹಿಡಿ ಹಾಕ್ತಿದ್ರು. ಪಾತ್ರೆ ಚಿಕ್ಕದಲ್ವಾ, ಅದಕ್ಕೆ ಎರಡೇ ಹಾಕಿದೆ."

ಅಷ್ಟು ವರ್ಷ ಸ್ಟೂಲಿನ ಮೇಲೆ ಕೂತು ಅವಳು ಕಲಿತಿದ್ದು ಇನ್ನೂರು ಜನರ ಅಡುಗೆ. ಒಬ್ಬಳ ಹೊಟ್ಟೆಗೆ ಎಷ್ಟು ಉಪ್ಪು ಸಾಕು ಎಂದು ಆ ಮಹಾನುಭಾವ ಹೇಳಿಕೊಟ್ಟಿರಲಿಲ್ಲ. ಅತ್ತೆ ಇಣುಕಿ, ಒಳಗೆ ಬಂದು, ಬೆರಳದ್ದಿ ನೆಕ್ಕಿ, ಸಿಂಕಿಗೆ ಉಗುಳಿದಳು.

"ಥೂ! ಬೇಳೆಗೆ ಉಪ್ಪು ಹಾಕಿದ್ದೀಯೋ, ಉಪ್ಪಿಗೆ ಬೇಳೆ ಹಾಕಿದ್ದೀಯೋ? ನಡಿ, ಬ್ಯಾಗು ಕಟ್ಟು."

ಆ ಹೆಂಗಸಿನ ಮುಂದೆ ಅಮ್ಮ ಸೋಲುವುದನ್ನು ನನ್ನಿಂದ ನೋಡಲಾಗಲಿಲ್ಲ. ಅತ್ತೆ ಅತ್ತ ತಿರುಗಿದ್ದೇ ತಡ, ಮುಂದೆ ನುಗ್ಗಿ ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡೆ. "ನೀನು ಕೂತ್ಕೊ ಅಮ್ಮ, ನಾನು ಮಾಡ್ತೀನಿ. ನೀನೇ ಮಾಡಿದ್ದು ಅಂದ್ರಾಯ್ತು" ಎಂದು ಪಿಸುಗುಟ್ಟಿದೆ.

ಅವಳು ನನ್ನನ್ನು ಅಷ್ಟು ದ್ವೇಷದಿಂದ ಎಂದೂ ನೋಡಿರಲಿಲ್ಲ.

"ಕೊಡು ಇಲ್ಲಿ."

"ಅಮ್ಮ, ಒಂದೇ ನಿಮಿಷ..."

"ಕೊಡು ಅಂದೆ! ನೀನೂ ಅವರ ಮಗಳೇ ಕಣೇ. ನಡಿ ಆಚೆ."

ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನನ್ನ ಹಿಂದೆಯೇ ಸ್ಟೂಲನ್ನೂ ಕಾಲಿನಿಂದ ಆಚೆ ತಳ್ಳಿ ಬಾಗಿಲು ಹಾಕಿಕೊಂಡಳು. ಒಳಗೆ ಪಾತ್ರೆ ಬಿದ್ದ ಸದ್ದು, ನಲ್ಲಿಯ ಸದ್ದು, ಸುಟ್ಟ ವಾಸನೆ. ಅತ್ತೆ ಹೊರಗೆ ಕಾಲು ಚಾಚಿ ಕುಳಿತು, "ನಾವು ಉಪವಾಸ ಸಾಯೋದೇ ಸೈ" ಎಂದು ಗೊಣಗುತ್ತಿದ್ದಳು.

ಊಟದ ಹೊತ್ತು ಮೀರಿದ ಮೇಲೆ ತಟ್ಟೆಗಳು ಬಂದವು. ಅನ್ನ ತಳ ಹಿಡಿದಿತ್ತು, ಬೇಳೆ ನೀರು ನೀರು. ಅತ್ತೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು.

"ನನ್ನ ತಮ್ಮ ಇದ್ದಿದ್ರೆ ಇದನ್ನ ನಾಯಿಗೂ ಹಾಕ್ತಿರಲಿಲ್ಲ."

"ನಿಮ್ಮ ತಮ್ಮ ಇಲ್ಲ ಅತ್ತಿಗೆ," ಎಂದಳು ಅಮ್ಮ. "ಬೇಕಾದ್ರೆ ಉಣ್ಣಿ, ಬೇಡ ಅಂದ್ರೆ ಕೈ ತೊಳ್ಕೊಳ್ಳಿ. ಬಸ್ಸು ಸಂಜೆಗೂ ಇದೆ. ಭಾನುವಾರದವರೆಗೆ ಕಾಯಬೇಕಾಗಿಲ್ಲ."

ಅತ್ತೆ ಕೈ ತೊಳೆದುಕೊಂಡಳು. ತನ್ನ ಬ್ಯಾಗು ತಾನೇ ಕಟ್ಟಿಕೊಂಡು, ಇಡೀ ಬೀದಿಗೆ ಕೇಳುವಂತೆ ನಮ್ಮಿಬ್ಬರನ್ನೂ ಬೈಯುತ್ತಾ ಹೋದಳು. ಅಮ್ಮ ಬಾಗಿಲಿಗೂ ಹೋಗಲಿಲ್ಲ, ನನ್ನ ತಟ್ಟೆಯನ್ನೇ ನೋಡುತ್ತಾ ಕುಳಿತಿದ್ದಳು.

"ಹೇಗಿದೆ?"

"ಚೆನ್ನಾಗಿದೆ."

"ಸುಳ್ಳು ಬೊಗಳಬೇಡ."

"ಉಪ್ಪು ಕಮ್ಮಿ. ಅನ್ನ ಸೀದಿದೆ."

"ಮದುವೆಯಾದ ಹೊಸದರಲ್ಲಿ ನಾನೂ ಒಂದು ದಿನ ಮಾಡಿದ್ದೆ" ಎಂದಳು. "ನಿಮ್ಮಪ್ಪ ಒಂದು ತುತ್ತು ತಿಂದ್ರು. ಏನೂ ಹೇಳಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದಿಟ್ರು. ಮಾರನೇ ದಿನದಿಂದ ಅವರೇ ಮಾಡೋಕೆ ಶುರು ಮಾಡಿದ್ರು. ಏನು ತಪ್ಪಾಗಿತ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ."

"ಅವತ್ತೂ ಉಪ್ಪು ಕಮ್ಮಿಯಾಗಿತ್ತೇನೋ."

"ಅಷ್ಟು ಹೇಳಿದ್ರೆ ಹಾಕ್ತಿದ್ದೆನಲ್ಲೇ," ಎಂದಳು ಅಮ್ಮ.