ತಲೆಯ ಕಡೆ ಮೇರಿಯಕ್ಕ, ಕಾಲಿನ ಕಡೆ ಸೆಲ್ವಿ

ಮದ್ರಾಸಿಗೆ ಬಂದ ಹನ್ನೊಂದನೇ ದಿನ, ನನ್ನ ಸೊಸೆ ಒಬ್ಬ ದಪ್ಪನೆಯ ಗಂಡಸನ್ನು ಎತ್ತಿ ಮಂಚಕ್ಕೆ ಹಾಕುವುದನ್ನು ನೋಡಿದೆ. ನಾನು ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೆಂಟು ವರ್ಷ ಹಮಾಲಿ ಮಾಡಿದವನು. ಭಾರ ಎತ್ತುವುದು ನಮ್ಮ ಕೆಲಸ, ನರ್ಸಮ್ಮಂದಿರು ಸೂಜಿ ಚುಚ್ಚುವವರು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕಡ್ಡಿಯಂಥ ಹುಡುಗಿ ಬಿಳಿ ಕೋಟು ಹಾಕಿಕೊಂಡು ನನ್ನ ಕೆಲಸವನ್ನೇ ಮಾಡುತ್ತಿದ್ದಳು.

ಆಗ ನನ್ನ ತೋಳಿನಲ್ಲಿ ಮೊಮ್ಮಗಳಿದ್ದಳು. ಅವಳ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಬರೆಯಲು ಕೈ ಓಡುವುದಿಲ್ಲ. ಈಗ ಏಳು ತಿಂಗಳು. ಕೆಳಗೆ ಎರಡು ಹಲ್ಲು ಬಂದಿವೆ. ನನ್ನ ಮೀಸೆ ಹಿಡಿದರೆ ಬಿಡುವುದಿಲ್ಲ. ಸೊಸೆ ಸೆಲ್ವಿ ತಮಿಳಿನವಳು, ಮಗುವಿಗೆ ನಿಲಾ ಎಂದು ಹೆಸರಿಟ್ಟಿದ್ದಾಳೆ. ನಿಲಾ ಎಂದರೆ ಚಂದ್ರ. ನನ್ನ ಅವ್ವನ ಹೆಸರು ಚಂದ್ರವ್ವ. ಸೆಲ್ವಿಗೆ ಅದು ಗೊತ್ತಿರಲಿಲ್ಲ. ಮಗ ಫೋನಿನಲ್ಲಿ ಆ ಹೆಸರು ಹೇಳಿದ ದಿನ ಯಾರ್ಡಿನ ಗೆಳೆಯರಾದ ನಿಮಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದ್ದೆ, ತಿಂದವರಿಗೆ ನೆನಪಿರಬೇಕು.

ಮಗ ಬಸವರಾಜ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುತ್ತಾನೆ. ಸೆಲ್ವಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳ ಬಾಣಂತನದ ರಜೆ ಮುಗಿಯಿತು, ಮಗು ನೋಡಿಕೊಳ್ಳಲು ನಾನು ಬಂದೆ. ಹೆಂಡತಿ ಇದ್ದಿದ್ದರೆ ಅವಳು ಬರುತ್ತಿದ್ದಳು. ಮನೆ ತ್ರಿಪ್ಲಿಕೇನಿನಲ್ಲಿ, ಮೂರನೇ ಮಹಡಿ. ಮೆಟ್ಟಿಲು ಎಷ್ಟು ಕಿರಿದೆಂದರೆ ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಹಿಂದೆ ಹೋಗಬೇಕು. ನಮ್ಮಲ್ಲಿ ಮನೆಯವರ ಹೆಸರು ಹೇಳಿ ದಾರಿ ಕೇಳುತ್ತೇವೆ, ಇಲ್ಲಿ ಮಹಡಿ ಹೇಳಿ ಕೇಳುತ್ತಾರೆ. ಮಂಡಕ್ಕಿಗೆ ಪೊರಿ ಅನ್ನುತ್ತಾರೆ. ನಮ್ಮ ಮಂಡಕ್ಕಿಯ ಹಾಗೆ ಇರುವ ಪೊರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕಂಡುಹಿಡಿಯಲು ಎರಡು ತಿಂಗಳು ಹಿಡಿಯಿತು.

ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆಯುತ್ತೇನೆ. ಸೆಲ್ವಿ ಊಟದ ಬಿಡುವಿನಲ್ಲಿ ಹಾಲು ಕುಡಿಸುತ್ತಾಳೆ. ಗೇಟಿನವನು ದಿನಾ ಒಂದೇ ತಮಾಷೆ ಮಾಡುತ್ತಾನೆ: “ಎನ್ನ ತಾತಾ, ಸಾಪ್ಪಾಡು ವಂದುಚ್ಚಾ?” ಊಟ ಬಂತೇ ಎಂದು.

“ಊಟ ಒಳಗೈತಪ್ಪ, ಉಣ್ಣೋಳು ಬಂದಾಳೆ” ಅನ್ನುತ್ತೇನೆ. ಅವನಿಗೆ ಅರ್ಧ ತಿಳಿಯುತ್ತದೆ, ಪೂರ್ತಿ ನಗುತ್ತಾನೆ.

ಆ ಹನ್ನೊಂದನೇ ದಿನ ಟ್ರಾಲಿ ತಳ್ಳುವವನು ಬಂದಿರಲಿಲ್ಲ. ಕಾಲು ಮುರಿದವನೊಬ್ಬ ಟ್ರಾಲಿಯ ಮೇಲೆ ಮಲಗಿದ್ದ. ತಲೆಯ ಕಡೆ ಮೇರಿಯಕ್ಕ ಎಂಬ ಹಿರಿಯ ನರ್ಸು, ಕಾಲಿನ ಕಡೆ ಸೆಲ್ವಿ. ಹಾಸಿಗೆಯ ಬಟ್ಟೆಯನ್ನು ಎರಡೂ ಕಡೆಯಿಂದ ಬಿಗಿಹಿಡಿದು, “ಒಣ್ಣು, ರೆಂಡು, ಮೂಣು” ಎಂದು ಎಣಿಸಿ, ಒಂದೇ ಉಸಿರಿಗೆ ಎತ್ತಿ ಮಂಚಕ್ಕೆ ಇಳಿಸಿದರು. ಅವನ ಕಾಲು ಒಂದಿಷ್ಟೂ ಅಲುಗಲಿಲ್ಲ. ಕೆಲಸ ಚೆನ್ನಾಗಿತ್ತು, ಎತ್ತಿದ ರೀತಿ ಮಾತ್ರ ತಪ್ಪು.

“ಏನವ್ವ ಸೆಲ್ವಿ, ಹಿಂಗೆ ಬಗ್ಗಿ ಎತ್ತಿದ್ರೆ ನಡ ಉಳಿತತೇನು? ಮೊಣಕಾಲು ಬಗ್ಗಿಸಬೇಕು” ಅಂದೆ.

“ಮಾಮಾ, ಇಲ್ಲಿ ನಾಪ್ಪದು ಪೇರು” ಅಂದಳು. ನಲವತ್ತು ಜನ. “ಎಲ್ಲರಿಗೂ ಮೊಣಕಾಲು ಬಗ್ಗಿಸಿದ್ರೆ ನಾನು ಏಳೋದೇ ಇಲ್ಲ.”

ಮೇರಿಯಕ್ಕ ನಕ್ಕು, ನನಗೂ ಹೇಳಿಕೊಡಿ ತಾತಾ ಎಂದು ತಮಿಳಿನಲ್ಲಿ ಕೇಳಿದಳು. ವರಾಂಡದಲ್ಲಿ ಮೊಮ್ಮಗಳನ್ನೇ ಮೂಟೆ ಮಾಡಿ ಕುಕ್ಕರಗಾಲಲ್ಲಿ ಎತ್ತಿ ತೋರಿಸಿದೆ. ಮೂರನೇ ಕ್ಲಾಸು ಓದಿದವನು ಆಸ್ಪತ್ರೆಯಲ್ಲಿ ಪಾಠ ಹೇಳಿದೆ. ಮೂಟೆ ಕೇಕೆ ಹಾಕಿ ನಗುತ್ತಿತ್ತು.

ಸಂಜೆ ಮಗನಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಅವನು ಶರ್ಟು ಬಿಚ್ಚುತ್ತಾ ಅಂದ: “ಮೇರಿಯಕ್ಕ ಪರ್ಮನೆಂಟು ಅಪ್ಪ. ಇವಳು ಕಾಂಟ್ರಾಕ್ಟು. ಅವರಿಗೆ ಬರೋದ್ರಲ್ಲಿ ಮೂರರಲ್ಲೊಂದು ಪಾಲು ಇವಳಿಗೆ.”

“ಕಾಲಿನ ಕಡೆ ಹಿಡಿದಿದ್ದಕ್ಕಾ?”

“ಯಾವ ಕಡೆ ಹಿಡಿದ್ರೂ ಅಷ್ಟೆ.”

ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಗುಂಪಿನಲ್ಲಿ ನಿನ್ನೆ ಸೇರಿದ ಹುಡುಗನಿಗೂ ಇಪ್ಪತ್ತು ವರ್ಷದ ಹಳಬನಿಗೂ ಸಮ ಪಾಲು. ಅದು ಧರ್ಮಕ್ಕೆ ಮಾಡಿದ್ದಲ್ಲ. ಒಂದು ಮೂಟೆಗೆ ಇಬ್ಬರು ಕೈ ಹಾಕಿದಾಗ ಹೊಸಬನ ಕೈ ಜಾರಿದರೆ ಹಳಬನ ಕಾಲು ಮುರಿಯುತ್ತದೆ. ಇಲ್ಲಿ ಎತ್ತುವುದು ಜೋಳವಲ್ಲ, ಮನುಷ್ಯನನ್ನು.

“ಹೊರಗಿನ ಪ್ರೈವೇಟ್ ಆಸ್ಪತ್ರೆಗಳಲ್ಲಿ ಇದಕ್ಕಿಂತ ಕಡಿಮೆ ಕೊಡೋರೂ ಅದಾರೆ” ಎಂದ ಮಗ. ಇರಬಹುದು. ಪಕ್ಕದ ಯಾರ್ಡಿನಲ್ಲಿ ಇನ್ನೂ ಮೋಸ ಎಂದರೆ ನಮ್ಮ ಯಾರ್ಡಿನದು ನ್ಯಾಯವಾಗುತ್ತದೆಯೇ?

ಮೇರಿಯಕ್ಕನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ. ಅವಳೂ ಏಳು ವರ್ಷ ಕಾಂಟ್ರಾಕ್ಟಿನಲ್ಲಿದ್ದವಳು. “ನಂಗೆ ಬಹಳ ಸಂಬಳ ಅಂತ ನಮ್ಮ ಬೀದಿಯವರು ಅಂತಾರೆ ತಾತಾ. ಒಂದು ದಿವಸ ನಲವತ್ತು ಮಂಚ ಒಬ್ಬರೇ ನೋಡಲಿ” ಎಂದಳು. ಅವಳು ಹೇಳಿದ್ದನ್ನು ಸೆಲ್ವಿ ನನಗೆ ಬಿಡಿಸಿ ಹೇಳಿದಳು. ಮೇರಿಯಕ್ಕನ ಸಂಬಳ ದುಡಿದದ್ದಕ್ಕೆ ಸರಿ ಎಂದೇ ನನ್ನ ಎಣಿಕೆ. ಸೆಲ್ವಿಯದು ಸರಿಯಲ್ಲ.

ಪರ್ಮನೆಂಟಿಗೆ ಒಂದು ಪಟ್ಟಿಯಿದೆ. ಸರದಿ ಬಂದವರಿಗೆ ಆರ್ಡರು ಬರುತ್ತದೆ, ಆದರೆ ಕೆಲಸ ಯಾವ ಊರಿನಲ್ಲೋ ಗೊತ್ತಿಲ್ಲ. ಆರ್ಡರು ಬರಲಿ ಎಂದು ಬೆಳಿಗ್ಗೆ ದೇವರಿಗೆ ಕೈಮುಗಿಯುತ್ತಿದ್ದೆ. ಮಗು ನನ್ನ ಎದೆಯ ಮೇಲೆ ನಿದ್ದೆ ಹೋದಾಗ, ಇನ್ನೊಂದಿಷ್ಟು ದಿನ ಬಿಟ್ಟು ಬರಲಿ ಎನ್ನಿಸುತ್ತಿತ್ತು.

ಹೋದ ವಾರ ಬಂತು. ನಾಗಪಟ್ಟಣಂ ಕಡೆ, ಸಮುದ್ರದ ಪಕ್ಕದ ಹಳ್ಳಿ, ಸಣ್ಣ ಆಸ್ಪತ್ರೆ. ಪೂರ್ತಿ ಸಂಬಳ. ಸೆಲ್ವಿ ಆ ಕಾಗದ ಹಿಡಿದು ನಕ್ಕಳು, ಆಮೇಲೆ ಅತ್ತಳು. ಬಸವರಾಜನ ಕೆಲಸ ಇಲ್ಲೇ. ವಾರಕ್ಕೊಮ್ಮೆ ಹೋಗಿಬರುತ್ತಾನೆ.

“ಅಪ್ಪ, ನೀನು ಊರಿಗೆ ಹೋಗೋದಾದ್ರೆ ಟಿಕೆಟ್ ಮಾಡಿಸ್ತೀನಿ” ಎಂದ. “ಮಗುಗೆ ಅಲ್ಲಿ ಯಾರನ್ನಾದ್ರೂ ಹುಡುಕ್ತೀವಿ.”

“ನಾನಿರುವಾಗ ಯಾರನ್ನ ಹುಡುಕ್ತೀಯ?” ಎಂದೆ. ಬಾಯಿಂದ ಬಂದುಬಿಟ್ಟಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನೀವೆಲ್ಲ ಕಣ್ಣ ಮುಂದೆ ಬಂದಿರಿ. ಯಾರ್ಡಿನ ಬೇವಿನ ಮರದ ಕೆಳಗೆ ನನ್ನ ಜಾಗ ಹಾಗೇ ಬಿಟ್ಟಿದ್ದೀರಂತೆ. ಇಲ್ಲಿ ಗೇಟಿನವನು ಮೊನ್ನೆ ಮಗುವಿಗೆ ಗಿಲಕಿ ತಂದುಕೊಟ್ಟ. ಈಗ ಸೆಲ್ವಿಯ ಜೊತೆ ಮೂರನೇ ಊರಿಗೆ.

ಕೊನೆಯ ದಿನ ವಾರ್ಡಿಗೆ ಹೋದೆ. ಸೆಲ್ವಿಯ ಜಾಗಕ್ಕೆ ಒಂದು ಹೊಸ ಹುಡುಗಿ ಬಂದಿದ್ದಳು, ಅದೇ ಕಾಂಟ್ರಾಕ್ಟು, ಅದೇ ಮೂರರಲ್ಲೊಂದು ಪಾಲು. ತಲೆಯ ಕಡೆ ಮೇರಿಯಕ್ಕ, ಕಾಲಿನ ಕಡೆ ಅವಳು. ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೊಣಕಾಲು ಬಗ್ಗಿಸಿದಳು. ಮೇರಿಯಕ್ಕ ನನ್ನ ಕಡೆ ನೋಡಿದಳು. ಸಂತೋಷವಾಯಿತು.

ಇವತ್ತು ಬೆಳಿಗ್ಗೆ ಮನೆ ಬಿಟ್ಟು ಹೊರಟಾಗ ಮಗು ಬಸವರಾಜನ ಹೆಗಲ ಮೇಲಿತ್ತು. ಟ್ರಂಕು ಕೆಳಗಿಳಿಸಲು ಉಳಿದವರು ನಾವಿಬ್ಬರೇ. ಹಗುರವಾದ ಕಡೆ ನನಗೆ ಬಿಟ್ಟು ಭಾರದ ಕಡೆ ಸೆಲ್ವಿ ಹಿಡಿಯಲು ಹೋದಳು. ನಾನು ಟ್ರಂಕನ್ನು ಅಡ್ಡ ತಿರುಗಿಸಿ ಭಾರ ಸಮ ಮಾಡಿದೆ.

“ಮಾಮಾ, ಮೊಣಕಾಲು” ಎಂದಳು.

ಬಗ್ಗಿಸಿದೆ. ಎಣಿಸುವುದು ನನ್ನ ಸರದಿ. ಯಾರ್ಡಿನಲ್ಲಿ ಮೂವತ್ತೆಂಟು ವರ್ಷ ಕನ್ನಡದಲ್ಲಿ ಎಣಿಸಿದವನ ಬಾಯಲ್ಲಿ ಒಣ್ಣು, ರೆಂಡು ಎಂದೇ ಬಂತು. ಮೂರಕ್ಕೆ ಇಬ್ಬರೂ ಎತ್ತಿದೆವು.