ಬಸ್ಸಿನ ಕೀ ಕೊಡದ ಸಲಹೆಗಾರ್ತಿ

ಬೆಳಗಿನ ಐದೂವರೆ. ಶಾಲೆಯ ಹಿಂದಿನ ಅಂಗಳದಲ್ಲಿ ಏಳು ಹಳದಿ ಬಸ್ಸುಗಳು ಸಾಲಾಗಿ ನಿಂತಿವೆ. ಮೂರನೆಯದರ ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಒಳಗೆ ಟಾರ್ಚಿನ ಬೆಳಕು ಅತ್ತಿತ್ತ ಹರಿದಾಡುತ್ತದೆ, ಟಣ್ ಟಣ್ ಎಂದು ಕಬ್ಬಿಣ ತಟ್ಟುವ ಸದ್ದಾಗುತ್ತದೆ. ಸ್ವಲ್ಪ ಹೊತ್ತಿಗೆ ಕಾಲುಗಳ ಹಿಂದೆ ನೀಲಿ ಮೇಲಂಗಿ, ಅದರ ಹಿಂದೆ ನರೆತ ಜಡೆ, ಕೊನೆಗೆ ಮೂಗಿನ ತುದಿಗೆ ಮಸಿ ಮೆತ್ತಿಕೊಂಡ ಅರವತ್ಮೂರರ ಮುಖ ಈಚೆ ಬರುತ್ತದೆ. “ಇದು ಹೊರಡಲಿ,” ಎಂದು ಚಾಲಕನ ಕೈಗೆ ಕೀ ಇಟ್ಟು ಆಕೆ ಮುಂದಿನ ಬಸ್ಸಿಗೆ ನಡೆಯುತ್ತಾರೆ. ಏಳು ಬಸ್ಸು, ನಲವತ್ತೆರಡು ಚಕ್ರ, ಒಂದೊಂದು ಬಸ್ಸಿಗೆ ಹನ್ನೊಂದು ನಿಮಿಷ. ಏಳು ಗಂಟೆಯೊಳಗೆ ಎಲ್ಲವೂ ಮುಗಿಯಬೇಕು.

ಇವರು ಶಾಲೆಯ ಸಂಬಳದ ನೌಕರರಲ್ಲ. ಮುಖ್ಯೋಪಾಧ್ಯಾಯಿನಿಗೆ ಸಲಹೆ ಕೊಡುವ ಮೂವರು ಸಾಧಕಿಯರಲ್ಲಿ ಒಬ್ಬರು. ಮಿಕ್ಕವರಲ್ಲಿ ಒಬ್ಬರು ನಿವೃತ್ತ ನ್ಯಾಯಾಧೀಶೆ, ಇನ್ನೊಬ್ಬರು ಮಕ್ಕಳ ವೈದ್ಯೆ. ಎರಡು ವರ್ಷದ ಹಿಂದೆ ಮುಖ್ಯೋಪಾಧ್ಯಾಯಿನಿ ಈ ಪಟ್ಟಿ ಓದಿದಾಗ ಮೊದಲಿನ ಎರಡಕ್ಕೆ ಆಡಳಿತ ಮಂಡಳಿ ತಲೆದೂಗಿತು. ಮೂರನೆಯದಕ್ಕೆ ಯಾರೋ ಕಿಸಕ್ಕೆಂದರು. ಬಸ್ ಡಿಪೊದಲ್ಲಿ ಗ್ರೀಸ್ ಬಳಿಯುತ್ತಿದ್ದವಳಿಗೆ ಶಾಲೆಯ ವಿಷಯ ಏನು ಗೊತ್ತು ಎಂದು ಅಧ್ಯಕ್ಷರು ಎಲ್ಲರೆದುರೇ ಕೇಳಿದರು.

ಗ್ರೀಸ್ ಬಳಿದದ್ದು ನಿಜವೇ. ಇಪ್ಪತ್ತನೆಯ ವಯಸ್ಸಿಗೆ ಬಿಡಿಭಾಗ ತೊಳೆಯುವ ಕೆಲಸಕ್ಕೆ ಡಿಪೊ ಸೇರಿದವರು ಇವರು. ಇಡೀ ಆವರಣದಲ್ಲಿ ಹೆಂಗಸರಿಗೊಂದು ಶೌಚಾಲಯ ಇರಲಿಲ್ಲ. ಜೊತೆಯವರು ಸ್ಪ್ಯಾನರ್ ಬಚ್ಚಿಟ್ಟು ಮಜಾ ನೋಡುತ್ತಿದ್ದರು. ದರ್ಜಿಯಾಗಿದ್ದ ಗಂಡ ಒಂಬತ್ತು ಜೇಬಿನ ಮೇಲಂಗಿ ಹೊಲಿದುಕೊಟ್ಟ ಮೇಲೆ ಸಾಮಾನೆಲ್ಲ ಮೈಮೇಲೇ ಇರತೊಡಗಿತು, ಬಚ್ಚಿಡುವವರ ಆಟ ನಡೆಯಲಿಲ್ಲ. “ಇವಳು ನಡೆದು ಬಂದರೆ ಪಾತ್ರೆ ಅಂಗಡಿಯೇ ಬಂದ ಹಾಗಿರೋದು,” ಎಂದು ಗಂಡ ಈಗಲೂ ನಗುತ್ತಾರೆ. ಮೂವತ್ತೆಂಟು ವರ್ಷದ ಕೊನೆಗೆ ಆಕೆ ಅದೇ ಡಿಪೊದ ಕಾರ್ಯಾಗಾರಕ್ಕೆ ಮುಖ್ಯಸ್ಥೆ. ಕೈಕೆಳಗೆ ನೂರ ನಲವತ್ತು ಬಸ್ಸು.

ಅಧ್ಯಕ್ಷರ ಮಾತು ಕೇಳಿಸಿಕೊಂಡ ಆಕೆ ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ಅಂಗಳಕ್ಕೆ ಬಂದರು. ಅಂದಿನಿಂದ ದಿನವೂ ಬರುತ್ತಿದ್ದಾರೆ.

ನಿಜವಾದ ಜಟಾಪಟಿ ನಡೆದದ್ದು ಕಳೆದ ವರ್ಷ, ವಾರ್ಷಿಕ ಪರೀಕ್ಷೆಯ ದಿನ. ಆರನೇ ನಂಬರಿನ ಬಸ್ಸಿನ ಅಡಿಗೆ ನುಸುಳಿದವರು ಹೊರಬಂದು ಕೀ ಜೇಬಿಗೆ ಇಳಿಸಿದರು. ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕಿನ ಲೈನಿಂಗ್ ಪಟ್ಟಿ ಪೂರ್ತಿ ಸವೆದಿತ್ತು. ಆ ದಾರಿಯಲ್ಲಿ ಕಡಿದಾದ ಇಳಿಜಾರಿದೆ, ನಲವತ್ತೆಂಟು ಮಕ್ಕಳು ಹತ್ತುತ್ತಾರೆ. ಸುದ್ದಿ ಮುಟ್ಟಿ ಅಧ್ಯಕ್ಷರು ಧಾವಿಸಿ ಬಂದರು. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಕೀ ಕೊಡಿ ಎಂದು ಗದರಿದರು.

“ಸಲಹೆ ಕೊಡಿ ಅಂತ ಕರೆದ್ರಿ, ಕೊಟ್ಟಿದ್ದೀನಿ,” ಎಂದರು ಆಕೆ. “ಇದು ಹೋಗಕೂಡದು. ಕೇಳೋದು ಬಿಡೋದು ನಿಮ್ಮಿಷ್ಟ. ಕೀ ಮಾತ್ರ ಸಿಗಲ್ಲ.”

ಮುಖ್ಯೋಪಾಧ್ಯಾಯಿನಿ ಬಂದು ಇಬ್ಬರ ಮುಖವನ್ನೂ ನೋಡಿದರು. ವಾದಕ್ಕಿಳಿಯಲಿಲ್ಲ. ಉಳಿದ ಆರು ಬಸ್ಸುಗಳಲ್ಲಿ ಯಾವುದು ಎರಡನೇ ಸುತ್ತು ಹೋಗಿಬರಬಲ್ಲದು ಎಂದಷ್ಟೇ ಆಕೆಯನ್ನು ಕೇಳಿದರು. ಪರೀಕ್ಷೆ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಸಂಜೆಯೊಳಗೆ ಅಧ್ಯಕ್ಷರ ಪತ್ರ ಬಂತು: ಸಲಹೆಗಾರರು ಸಭೆಯಲ್ಲಿ ಕುಳಿತು ಸಲಹೆ ಕೊಡಬೇಕು, ಬಸ್ಸುಗಳನ್ನು ಮುಟ್ಟಕೂಡದು. ಹಿಂದೆಯೇ, ಆಕೆಯನ್ನು ಕೈಬಿಡಬೇಕೆಂಬ ಗೊತ್ತುವಳಿ.

ಮುಂದಿನ ವಾರದ ಸಭೆಗೆ ಆಕೆ ಅದೇ ನೀಲಿ ಮೇಲಂಗಿಯಲ್ಲಿ ಹೋದರು. ಸಲಹೆಯನ್ನು ಕುರ್ಚಿಯ ಮೇಲೆ ಕುಳಿತೇ ಕೊಡಬೇಕೆಂದು ಯಾವ ನಿಯಮದಲ್ಲಿದೆ, ತೋರಿಸಿ ಎಂದು ನ್ಯಾಯಾಧೀಶೆ ಕೇಳಿದರು. ಅಷ್ಟರಲ್ಲಿ ಬಾಗಿಲ ಬಳಿ ಆರನೇ ಬಸ್ಸಿನ ಚಾಲಕ ಕಾಣಿಸಿಕೊಂಡ. ದಿನಾ ಬೆಳಿಗ್ಗೆ ತಪಾಸಣೆ ಎಂದರೆ ಮುಖ ಸಿಂಡರಿಸುತ್ತಿದ್ದವನು ಅವನೇ. ಹಳೆಯ ಲೈನಿಂಗನ್ನು ಪೇಪರಿನಲ್ಲಿ ಸುತ್ತಿ ತಂದಿದ್ದ. ಬಿಚ್ಚಿ ಮೇಜಿನ ಮೇಲಿಟ್ಟ.

“ಪರೀಕ್ಷೆ ಹಿಂದಿನ ದಿನಾನೇ ಬ್ರೇಕ್ ಒತ್ತಿದ್ರೆ ಕಿರ್ರ್ ಅಂತಿತ್ತು ಸರ್,” ಎಂದ. “ಹಿಂದೊಂದ್ಸಲ ಆಫೀಸಲ್ಲಿ ಹೇಳಿ ಬೈಸ್ಕೊಂಡಿದ್ದೆ. ಅದಕ್ಕೇ ಈ ಸಲ ಬಾಯಿ ಮುಚ್ಕೊಂಡಿದ್ದೆ. ಅಕ್ಕ ಮುಚ್ಕೊಳ್ಳಲಿಲ್ಲ.”

ವೈದ್ಯೆ ಆ ತುಂಡನ್ನೆತ್ತಿ ಪಕ್ಕದವರಿಗೆ ದಾಟಿಸಿದರು. ಅದು ಕೈಯಿಂದ ಕೈಗೆ ಹೋಗುತ್ತ ಅಧ್ಯಕ್ಷರವರೆಗೂ ಬಂತು. ಅವರು ಮುಟ್ಟಲಿಲ್ಲ. ಗೊತ್ತುವಳಿ ಒಂದೇ ಮತದಿಂದ ಬಿದ್ದುಹೋಯಿತು. ಚಾಲಕನ ಕೆಲಸಕ್ಕೆ ಕುತ್ತು ಬಂದರೆ ತಮ್ಮ ರಾಜೀನಾಮೆಯೂ ಜೊತೆಗೇ ಬರುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಅಲ್ಲೇ ಹೇಳಿದರು. ಈಗ ಈ ಸಲಹೆಗಾರ್ತಿಯ ಸಹಿ ಬೀಳದೆ ಯಾವ ಬಸ್ಸೂ ಗೇಟು ದಾಟುವುದಿಲ್ಲ. ಈ ಒಂದು ವರ್ಷದಲ್ಲಿ ಒಂಬತ್ತು ಸಲ ಸಹಿ ಹಾಕಲು ಒಪ್ಪಿಲ್ಲ. ಅಧ್ಯಕ್ಷರು ಎದುರು ಸಿಕ್ಕರೆ ಇವತ್ತಿಗೂ ಮುಖ ತಿರುಗಿಸುತ್ತಾರೆ.

“ತಿರುಗಿಸ್ಲಿ ಬಿಡಿ. ಅವರ ಮುಖ ನೋಡೋಕೆ ನಾನು ಬರ್ತೀನಾ? ಬಸ್ಸಿನ ಹೊಟ್ಟೆ ನೋಡೋಕೆ ಬರ್ತೀನಿ,” ಎನ್ನುತ್ತಾರೆ ಆಕೆ.

ಮೊನ್ನೆ ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಸಲಹೆಗಾರರ ಹೆಸರಿನ ಹಲಗೆ ಬರೆಯಲು ಪೇಂಟರ್ ಬಂದಿದ್ದ. ನ್ಯಾಯಾಧೀಶೆಯ ಹೆಸರಿನ ಕೆಳಗೆ ಪದವಿ ಬರೆದ, ವೈದ್ಯೆಯ ಹೆಸರಿನ ಕೆಳಗೂ ಬರೆದ. ಮೂರನೆಯ ಹೆಸರಿಗೆ ಬಂದು ಕುಂಚ ಹಿಡಿದು ನಿಂತ. ಸಮಾಜಸೇವಕಿ ಎಂದು ಹಾಕಿದರೆ ಗೌರವವಾಗಿರುತ್ತದೆ ಎಂದು ಕಚೇರಿಯ ಗುಮಾಸ್ತರು ಮೆಲ್ಲಗೆ ಸೂಚಿಸಿದರು.

ಆಕೆ ಹಲಗೆಯ ಹತ್ತಿರ ಬಂದು ನಿಂತರು. “ಮೆಕ್ಯಾನಿಕ್ ಅಂತ ಬರೀಪ್ಪ,” ಎಂದರು. “ಅಕ್ಷರ ಸ್ವಲ್ಪ ದಪ್ಪಗಿರಲಿ. ಗೇಟಿನ ಹತ್ರ ನಿಂತ್ರೂ ಓದೋ ಹಾಗಿರ್ಬೇಕು.”